ಅಪಘಾತದ ನಕ್ಷೆಯನ್ನು ಓದುವ ಬಗೆ: ಹರದನಹಳ್ಳಿ ಸುತ್ತಿನವರಲ್ಲಿ ಮನವಿ

ರಸ್ತೆ ಅಪಘಾತದ ನಕ್ಷೆಯಲ್ಲಿ ಕಾಣುವ ಒಂದು ಚುಕ್ಕಿ ಪೊಲೀಸ್ ಠಾಣೆಯಲ್ಲಿ ದಾಖಲಾದ ಒಂದು ಪ್ರಕರಣವನ್ನು ಸೂಚಿಸುತ್ತದೆ. ಅಪಘಾತ ನಡೆದ ಜಾಗದಲ್ಲೇ ಆ ಚುಕ್ಕಿ ಬಿದ್ದಿರಬೇಕೆಂದಿಲ್ಲ. ಕೇಂದ್ರ ಸರ್ಕಾರದ ‘ಐರ್ಯಾಡ್’ ವ್ಯವಸ್ಥೆ 2021ರಲ್ಲಿ ಬಂದ ಮೇಲೆ ಪೊಲೀಸರು ಸ್ಥಳಕ್ಕೆ ಹೋಗಿ ಮೊಬೈಲಿನಲ್ಲೇ ಜಾಗ ಗುರುತಿಸುವ ಕ್ರಮ ಶುರುವಾಯಿತು. ಅದಕ್ಕೂ ಹಿಂದಿನ ಪ್ರಕರಣಗಳಿಗೆ ಎಫ್‌ಐಆರ್‌ನ ಮಾತೇ ಆಧಾರ. ‘ಹರದನಹಳ್ಳಿ ಹತ್ತಿರ’ ಎಂದಷ್ಟೇ ಬರೆದಿದ್ದರೆ, ನಕ್ಷೆ ಮಾಡುವವರು ಊರಿನ ನಡುವೆ ಚುಕ್ಕಿ ಇಟ್ಟುಬಿಡುತ್ತಾರೆ. ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಆದ ಸಾವು ಊರೊಳಗಿನ ದಿವ್ಯಲಿಂಗೇಶ್ವರ ದೇವಸ್ಥಾನದ ಪಕ್ಕದ ಬೀದಿಯಲ್ಲಿ ಆದಂತೆ ಕಾಣುವುದು ಹೀಗೆ.

ಗಾಯಾಳುವನ್ನು ಚಾಮರಾಜನಗರದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಸಾಗಿಸಿ, ವಾರದ ಮೇಲೆ ಜೀವ ಹೋದರೆ ಅದೂ ರಸ್ತೆ ಸಾವೇ. ಅಪಘಾತವಾದ 30 ದಿನಗಳೊಳಗಿನ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನಿಯಮ. ಮೊದಲು ‘ತೀವ್ರ ಗಾಯ’ ಎಂದು ಬರೆದದ್ದನ್ನು ಆಮೇಲೆ ತಿದ್ದದೇ ಹೋದರೆ ನಕ್ಷೆಯಲ್ಲಿ ಆ ಸಾವು ಇರುವುದೇ ಇಲ್ಲ.

ಚುಕ್ಕಿ ಇಲ್ಲದ ಜಾಗವನ್ನು ಓದುವುದು ಇನ್ನೂ ಕಷ್ಟ. ಇದಕ್ಕೆ ಗುಂಡ್ಲುಪೇಟೆಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗಲಾರದು. ಅಲ್ಲಿಂದ ಬಂಡೀಪುರದ ಕಾಡಿನೊಳಗೆ ಹಾಯುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆ ಹೊತ್ತಿನಲ್ಲಿ ಅಲ್ಲಿ ಚುಕ್ಕಿಗಳಿಲ್ಲ ಎಂದರೆ ವಾಹನಗಳು ಹೆಚ್ಚುಕಡಿಮೆ ಇಲ್ಲ ಎಂದರ್ಥವೇ ಹೊರತು ರಸ್ತೆ ಸುಧಾರಿಸಿದೆ ಎಂದಲ್ಲ. ಗೇಟು ಹಾಕುವ ಮುನ್ನ ದಾಟಿಬಿಡುವ ಆತುರ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ಗಳಿಗೆ ಹೋಗುವ ದಾರಿಯಲ್ಲಿ ಸಂಜೆ ಹೊತ್ತು ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ನಕ್ಷೆಯಲ್ಲಿ ಸಮಯವೂ ಇರಬೇಕು. ಜಾಗ ಮಾತ್ರ ತೋರಿಸುವ ನಕ್ಷೆ ಅರ್ಧ ನಕ್ಷೆ.

ಸೈಕಲ್ ಸವಾರರ ವಿಷಯದಲ್ಲೂ ಲೆಕ್ಕ ಹೀಗೆಯೇ ದಾರಿ ತಪ್ಪಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ ಸೈಕಲ್ ಸವಾರರು ನೂರಕ್ಕೆ ಸುಮಾರು 3, ಪಾದಚಾರಿಗಳು 20ರ ಹತ್ತಿರ, ದ್ವಿಚಕ್ರ ವಾಹನದವರು 44ಕ್ಕೂ ಹೆಚ್ಚು. ಮೂರೇ ತಾನೇ ಎಂದು ಸುಮ್ಮನಾಗುವಂತಿಲ್ಲ. ಸತ್ತವರಲ್ಲಿ ಸೈಕಲ್ಲಿನವರ ಪಾಲು ಎಷ್ಟೆಂದು ಈ ಸಂಖ್ಯೆ ಹೇಳುತ್ತದೆ. ಸೈಕಲ್ ತುಳಿಯುವವರಿಗೆ ಎಷ್ಟು ಅಪಾಯವಿದೆ ಎಂದು ಹೇಳುವುದಿಲ್ಲ. ಅಪಾಯ ತಿಳಿಯಲು ಆ ರಸ್ತೆಯಲ್ಲಿ ದಿನಕ್ಕೆ ಎಷ್ಟು ಸೈಕಲ್ ಓಡಾಡುತ್ತವೆ ಎಂಬ ಎಣಿಕೆ ಬೇಕು. ಅದನ್ನು ಎಣಿಸುವವರು ಅಪರೂಪ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿ ರಸ್ತೆಗಳಲ್ಲಿ ಸೈಕಲ್ ಹೆಚ್ಚಿದವು. ಆದರೆ ಭಯದಿಂದ ಹೆತ್ತವರು ಮಗುವನ್ನು ಸೈಕಲ್ ಬಿಡಿಸಿ ಆಟೊ ಹತ್ತಿಸಿದ ರಸ್ತೆಯೂ ನಕ್ಷೆಯಲ್ಲಿ ಶುಭ್ರವಾಗಿಯೇ ಕಾಣುತ್ತದೆ.

ಅಧಿಕಾರಿಗಳು ‘ಬ್ಲ್ಯಾಕ್ ಸ್ಪಾಟ್’ ಎಂದು ಕರೆಯುವುದಕ್ಕೆ ಅಳತೆಯಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಅಪಘಾತಗಳು ಒಂದೇ ಕಡೆ ಗುಂಪಾದಲ್ಲಿ ಈ ಅಳತೆ ಕೆಲಸ ಮಾಡುತ್ತದೆ. ಸೈಕಲ್ ಸವಾರರ ಸಾವು ಸಾಮಾನ್ಯವಾಗಿ ಹಾಗೆ ಗುಂಪಾಗುವುದಿಲ್ಲ. ಈ ಊರಿನ ಕೂಡುರಸ್ತೆಯಲ್ಲಿ ಒಂದು, ಎರಡು ವರ್ಷದ ಮೇಲೆ ಮುಂದಿನ ಊರಿನ ಹತ್ತಿರ ಇನ್ನೊಂದು; ಯಾವ ಜಾಗವೂ ಅಳತೆ ಮುಟ್ಟುವುದಿಲ್ಲ, ಯಾವ ಜಾಗಕ್ಕೂ ಹಣ ಬರುವುದಿಲ್ಲ. ಆದ್ದರಿಂದ ಸೈಕಲ್ಲಿನ ಚುಕ್ಕಿಗಳನ್ನು ರಾಶಿ ನೋಡಿ ಓದದೆ ಹೋಲಿಕೆ ನೋಡಿ ಓದಬೇಕು. ಐದು ವರ್ಷದ ಚುಕ್ಕಿಗಳನ್ನು ಒಟ್ಟಿಗೆ ಹರಡಿಕೊಂಡು, ಪ್ರತಿ ಜಾಗದಲ್ಲೂ ಏನಿತ್ತು ಎಂದು ಕೇಳುತ್ತ ಹೋಗಬೇಕು.

ಕೇಳಿದರೆ ಸಿಗುವುದು ಸಣ್ಣಪುಟ್ಟ ಸಂಗತಿಗಳೇ. ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಗೇಣುದ್ದ ಮೇಲಿದ್ದರೆ, ಹಿಂದಿನಿಂದ ಲಾರಿ ಹಾರನ್ ಹೊಡೆದರೂ ಸೈಕಲ್ಲಿನವನು ಕೆಳಗಿಳಿಯಲಾರ, ಇಳಿದರೆ ಬೀಳುತ್ತಾನೆ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕಟ್ಟಿದರೆ ಹಿಂದಿನ ಕೆಂಪು ರಿಫ್ಲೆಕ್ಟರ್ ಮುಚ್ಚಿಹೋಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ದೀಪವಿಲ್ಲದೆ ರಸ್ತೆ ಬದಿ ನಿಂತಿದ್ದರೆ ಅದನ್ನು ಬಳಸಿಕೊಂಡು ಹೋಗುವ ಸೈಕಲ್ ರಸ್ತೆಯ ನಡುವಿಗೇ ಬರಬೇಕು. ಒಬ್ಬನೇ ಚರಂಡಿಗೆ ಬಿದ್ದು ಸತ್ತವನ ಪ್ರಕರಣ ಅಸಹಜ ಸಾವಿನ ಕಡತಕ್ಕೆ ಸೇರಿ ಅಪಘಾತದ ನಕ್ಷೆಯಿಂದಲೇ ಜಾರಿಹೋಗಬಹುದು.

ಒಂದು ಎಚ್ಚರಿಕೆಯೂ ಬೇಕು. ಒಂದೇ ವರ್ಷದಲ್ಲಿ ಮೂರು ಸಾವಾದ ತಿರುವಿನಲ್ಲಿ ಹಂಪ್ ಹಾಕಿದ ಮೇಲೆ ಮರುವರ್ಷ ಸಾವಿಲ್ಲದಿದ್ದರೆ, ಅದು ಹಂಪ್‌ನಿಂದಲೇ ಆದದ್ದೆಂದು ಹೇಳಲಾಗದು. ಸಣ್ಣ ಸಂಖ್ಯೆಗಳು ತಾವಾಗಿಯೇ ಏರಿಳಿಯುತ್ತವೆ. ಗುರುತುಪಟ್ಟಿ, ಫಲಕ ಇಲ್ಲದ ಹಂಪ್ ರಾತ್ರಿ ಹೊತ್ತು ಬೈಕಿನವರನ್ನೇ ಕೆಡವುತ್ತದೆ.

ಹರದನಹಳ್ಳಿ, ವೆಂಕಟಯ್ಯನಛತ್ರ, ಅಟ್ಟುಗೂಳಿಪುರದ ಕಡೆಯವರಲ್ಲಿ ಮನವಿ ಇದು. ಅಪಘಾತವಾದಾಗ ದೂರು ಕೊಡುವವರು ‘ಊರ ಹತ್ತಿರ’ ಎನ್ನದೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ರಸ್ತೆಯ ಯಾವ ಬದಿ, ಎಷ್ಟು ಗಂಟೆ, ಬೀದಿದೀಪ ಉರಿಯುತ್ತಿತ್ತೇ ಎಂಬುದನ್ನು ಬರೆಸಬೇಕು. ಪೊಲೀಸರ ವಿಚಾರಣೆಗೆ ಹೆದರಿ ಹಿಂದೆ ಸರಿಯುವ ಕಾರಣವಿಲ್ಲ. ಗಾಯಾಳುವಿಗೆ ನೆರವಾದವರಿಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಗಾಯಾಳು ಆಸ್ಪತ್ರೆಯಲ್ಲಿ ತೀರಿಕೊಂಡರೆ ಮನೆಯವರು ಠಾಣೆಯ ದಾಖಲೆ ತಿದ್ದುಪಡಿಯಾಗಿದೆಯೇ ಎಂದು ಕೇಳಬೇಕು. ಶಾಲೆಯವರು ಬೆಳಗ್ಗೆ ಸಂಜೆ ಹೆದ್ದಾರಿ ದಾಟುವ ಸೈಕಲ್‌ಗಳನ್ನು ಒಂದು ವಾರ ಎಣಿಸಿಟ್ಟರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಗ್ರಾಮ ಪಂಚಾಯಿತಿ ಕೊಡುವ ಅರ್ಜಿಗೆ ಅದನ್ನೂ ಲಗತ್ತಿಸಬಹುದು.