ತಾನಾಗಿಯೇ ಮುಚ್ಚಬೇಕಾದ ಬಾಗಿಲು
2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಮಹಡಿಗಳನ್ನು ಆವರಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರುಗಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಅಂಥ ಹೊಗೆ ಮೆಟ್ಟಿಲಿನ ಕಡೆ ನುಗ್ಗದಂತೆ ತಡೆಯಲೆಂದೇ ಬಹುಮಹಡಿ ಕಟ್ಟಡಗಳಿಗೆ ಅಗ್ನಿನಿರೋಧಕ ಬಾಗಿಲು ಹಾಕುವುದು. ನಾವು ಗಾಳಿ ಬರಲೆಂದು ಅದಕ್ಕೆ ಇಟ್ಟಿಗೆ ಒತ್ತು ಕೊಟ್ಟು ತೆರೆದಿಡುತ್ತೇವೆ, ಇಲ್ಲವೇ ಕಳ್ಳರಿಗೆ ಹೆದರಿ ಬೀಗ ಜಡಿಯುತ್ತೇವೆ. ಎರಡೂ ಜೀವಕ್ಕೆ ಕುತ್ತು. ಬಾಗಿಲಿನ ಪರೀಕ್ಷೆಗೆ ಎಂಜಿನಿಯರೇ ಬರಬೇಕಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಕೈ ಬಿಡಿ. ಮೇಲಿನ ಡೋರ್ ಕ್ಲೋಸರ್ ಅದನ್ನು ಎಳೆದು ತಂದು ಚಿಲಕ ಕಚ್ಚುವವರೆಗೆ ಮುಚ್ಚಬೇಕು. ಎರಡು ಬೆರಳಿನಷ್ಟು ಸಂದು ಉಳಿದರೂ ಹೊಗೆಗೆ ಅದು ಧಾರಾಳ ದಾರಿ. ಅಂಚಿನಲ್ಲಿ ಕೂರಿಸಿದ ತೆಳು ಪಟ್ಟಿಯನ್ನೂ ನೋಡಿ. ಬಿಸಿ ತಾಗಿದೊಡನೆ ಉಬ್ಬಿ, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಮುಚ್ಚುವುದು ಅದೇ. ಬಣ್ಣ ಬಳಿಯುವಾಗ ಅದು ಕಿತ್ತುಹೋಗಿದ್ದರೆ ಹೊಸದು ಹಾಕಿಸಬೇಕು. ಕೀಲಿನ ಸ್ಕ್ರೂ ಸಡಿಲವಾಗಿದ್ದರೆ ಬಾಗಿಲು ಜಗ್ಗಿ ನೆಲಕ್ಕೆ ಉಜ್ಜುತ್ತದೆ, ಅದನ್ನೂ ಬಿಗಿ ಮಾಡಿಸಿ. ಲಿಫ್ಟಿನ ನಿರ್ವಹಣೆಗೆ ವರ್ಷವರ್ಷವೂ ಹಣ ತೆಗೆದಿಡುವ ನಿವಾಸಿಗಳ ಸಂಘಗಳು ಈ ಬಾಗಿಲಿಗೂ ಒಂದು ಪಾಲು ಇಡಲೇಬೇಕು. ಮುಂದಿನ ಸಭೆಯಲ್ಲಿ ದಯವಿಟ್ಟು ವಿಷಯ ಎತ್ತಿ. ಇಟ್ಟಿಗೆಯನ್ನು ಮಾತ್ರ ಇವತ್ತೇ ತೆಗೆದುಬಿಡಿ.