ಹಾವು ಓಡಿಸಿದ ಸಂತ ಗೊತ್ತು, ಪತ್ರ ಬರೆದ ಸಂತ ಗೊತ್ತೇ?

ಪ್ರತಿ ವರ್ಷ ಮಾರ್ಚ್ 17ರ ಆಸುಪಾಸಿನಲ್ಲಿ ನಮ್ಮ ಮೊಬೈಲ್‌ಗಳಿಗೂ ಒಂದು ವಿಡಿಯೋ ಬಂದು ಬೀಳುತ್ತದೆ. ಅಮೆರಿಕದ ಶಿಕಾಗೋ ನಗರದ ನಡುವೆ ಹರಿಯುವ ನದಿಗೆ ಬಣ್ಣ ಸುರಿದು ನೀರನ್ನೆಲ್ಲ ಹಸಿರು ಮಾಡಿರುತ್ತಾರೆ. ದಡದಲ್ಲಿ ಹಸಿರು ಟೋಪಿ, ಹಸಿರು ಅಂಗಿ ತೊಟ್ಟ ಜನ ಕುಣಿಯುತ್ತಿರುತ್ತಾರೆ. 1962ರಲ್ಲಿ ಶುರುವಾದ ರೂಢಿ ಇದು. ಯಾಕೆ ಹೀಗೆ ಎಂದರೆ ‘ಸೇಂಟ್ ಪ್ಯಾಟ್ರಿಕ್ ಹಬ್ಬ’ ಎನ್ನುತ್ತಾರೆ. ಯಾರು ಈ ಪ್ಯಾಟ್ರಿಕ್ ಎಂದರೆ ಐರ್ಲೆಂಡ್ ದೇಶದ ಹಾವುಗಳನ್ನೆಲ್ಲ ಸಮುದ್ರಕ್ಕೆ ಓಡಿಸಿದ ಸಂತ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಅಲ್ಲಿಗೆ ಮುಗಿಯಬಾರದು ಎನ್ನುವುದು ನಮ್ಮ ಅಭಿಪ್ರಾಯ. ಹಾವಿನ ಕಥೆಗಿಂತ ದೊಡ್ಡ ಸಂಗತಿಯೊಂದು ಈ ಸಂತನ ಬದುಕಿನಲ್ಲಿದೆ. ಅದನ್ನು ಬೇರೆ ಯಾರೋ ಹೇಳಿದ್ದಲ್ಲ, ಆತನೇ ಬರೆದಿಟ್ಟಿದ್ದು.

ಪ್ಯಾಟ್ರಿಕ್ ಬದುಕಿದ್ದು 5ನೇ ಶತಮಾನದಲ್ಲಿ. ಆತ ಬರೆದ ಎರಡು ಬರಹಗಳು ಲ್ಯಾಟಿನ್ ಭಾಷೆಯಲ್ಲಿ ಇಂದಿಗೂ ಉಳಿದಿವೆ. ಒಂದು ‘ಕನ್ಫೆಸಿಯೋ’, ಅಂದರೆ ತನ್ನ ಬದುಕಿನ ನಿವೇದನೆ. ಇನ್ನೊಂದು ಕೊರೋಟಿಕಸ್ ಎಂಬ ದೊರೆಯ ಸೈನಿಕರಿಗೆ ಬರೆದ ಪತ್ರ. ಅಷ್ಟು ಹಳೆಯ ಕಾಲದ ಒಬ್ಬ ಧರ್ಮಪ್ರಚಾರಕನ ಸ್ವಂತ ಮಾತು ನಮ್ಮವರೆಗೆ ಬಂದಿರುವುದೇ ಅಪರೂಪ.

ಮೊದಲ ವಿಷಯ, ಐರ್ಲೆಂಡಿನ ಈ ಸಂತ ಐರ್ಲೆಂಡಿನವನಲ್ಲ. ಹುಟ್ಟಿದ್ದು ಪಕ್ಕದ ಬ್ರಿಟನ್ನಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಅಪ್ಪ ಕಲ್ಪೋರ್ನಿಯಸ್ ಊರಿನ ಆಡಳಿತದಲ್ಲಿ ಸ್ಥಾನ ಇದ್ದವನು, ಚರ್ಚಿನಲ್ಲಿ ಡೀಕನ್ ಕೂಡ ಆಗಿದ್ದ. ಅಜ್ಜ ಪಾದ್ರಿ. ಹುಡುಗನಿಗೆ ಮಾತ್ರ ದೇವರ ಕಡೆ ಗಮನ ಇರಲಿಲ್ಲ. ಹದಿನಾರು ತುಂಬುವ ಹೊತ್ತಿಗೆ ಸಮುದ್ರದಾಚೆಯಿಂದ ಬಂದ ಐರಿಶ್ ದಾಳಿಕೋರರು ಆತನನ್ನು ಹಿಡಿದುಕೊಂಡು ಹೋದರು. ಆ ಕಾಲದಲ್ಲಿ ಮನುಷ್ಯರನ್ನು ಹಿಡಿದು ಮಾರುವುದು ದೊಡ್ಡ ವ್ಯಾಪಾರ. ತನ್ನ ಹಾಗೆ ಸಾವಿರಾರು ಮಂದಿ ಸೆರೆಯಾಗಿ ಹೋದರು ಎಂದು ಆತ ನೆನೆಯುತ್ತಾನೆ.

ಗುಲಾಮನಾದ ಹುಡುಗನಿಗೆ ಒಡೆಯ ಕೊಟ್ಟ ಕೆಲಸ ಮಂದೆ ಮೇಯಿಸುವುದು. ಆರು ವರ್ಷ ಕಾಡು, ಗುಡ್ಡ, ಹಿಮ, ಮಳೆಯಲ್ಲೇ ಕಳೆಯಿತು. ಕುರಿ ಕಾಯ್ದು ಬಲ್ಲವರಿಗೆ ಆ ಒಂಟಿತನ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆ ಹುಡುಗನಿಗೆ ಪ್ರಾರ್ಥನೆಯೊಂದೇ ಜೊತೆಯಾಯಿತು. ಹಗಲಿಗೆ ನೂರು ಸಲ, ರಾತ್ರಿಗೂ ಹೆಚ್ಚುಕಡಿಮೆ ಅಷ್ಟೇ ಸಲ ಪ್ರಾರ್ಥಿಸುತ್ತಿದ್ದೆ ಎಂದು ಬರೆಯುತ್ತಾನೆ.

ಒಂದು ರಾತ್ರಿ ಕನಸಿನಲ್ಲಿ ಹಡಗು ಸಿದ್ಧವಾಗಿದೆ ಎಂಬ ದನಿ ಕೇಳಿತು. ತಪ್ಪಿಸಿಕೊಂಡು ಸುಮಾರು ಇನ್ನೂರು ಮೈಲಿ ನಡೆದ. ಹಡಗಿನವರು ಮೊದಲು ಬೇಡ ಎಂದರು, ಆಮೇಲೆ ಹತ್ತಿಸಿಕೊಂಡರು. ಕಡೆಗೆ ಹೇಗೋ ತನ್ನವರ ಬಳಿಗೆ ಬಂದು ಸೇರಿದ. ಇನ್ನು ಮಗ ಎಲ್ಲಿಗೂ ಹೋಗದಿರಲಿ ಎಂದು ಮನೆಯವರು ಬೇಡಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಪ್ಯಾಟ್ರಿಕ್ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮತ್ತೊಂದು ಕನಸಿನಲ್ಲಿ ಐರ್ಲೆಂಡಿನ ಜನ ತನ್ನನ್ನು ಮರಳಿ ಕರೆಯುವುದನ್ನು ಆತ ಕೇಳಿದ. ಪಾದ್ರಿಯಾದ, ಬಿಷಪ್ ಆದ, ತನ್ನನ್ನು ಜೀತಕ್ಕಿಟ್ಟುಕೊಂಡಿದ್ದ ನಾಡಿಗೇ ತಿರುಗಿ ಹೋದ. ಸೇಡಿಗೆ ಹೋಗಲಿಲ್ಲ, ಅವರ ನಡುವೆ ಬಾಳಲು ಹೋದ. ಸಾವಿರಾರು ಜನರಿಗೆ ದೀಕ್ಷಾಸ್ನಾನ ಮಾಡಿಸಿದ. ಹೆಂಗಸರು ಭಕ್ತಿಯಿಂದ ತಂದು ಹಾಕಿದ ಒಡವೆಗಳನ್ನು ಅವರು ಬೇಸರ ಪಟ್ಟುಕೊಂಡರೂ ಹಿಂದಿರುಗಿಸಿದ. ತಾನು ಓದು ಕಡಿಮೆ ಇರುವವನು, ತನ್ನ ಲ್ಯಾಟಿನ್ ಒರಟು ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಓದುವ ವಯಸ್ಸಿನಲ್ಲಿ ಗುಡ್ಡದ ಮೇಲಿದ್ದವನಿಗೆ ನಯವಾದ ಭಾಷೆ ಎಲ್ಲಿಂದ ಬರಬೇಕು?

ಈಗ ಆ ಪತ್ರದ ವಿಷಯಕ್ಕೆ ಬರೋಣ.

ಪ್ಯಾಟ್ರಿಕ್ ಕೈಯಿಂದ ಹೊಸದಾಗಿ ದೀಕ್ಷಾಸ್ನಾನ ಪಡೆದ ಒಂದಷ್ಟು ಜನರ ಮೇಲೆ ಕೊರೋಟಿಕಸ್‌ನ ಸೈನಿಕರು ಬಿದ್ದರು. ದೀಕ್ಷೆಯ ಬಿಳಿ ಬಟ್ಟೆ ಇನ್ನೂ ಮೈಮೇಲಿತ್ತು, ಹಣೆಗೆ ಹಚ್ಚಿದ ಪವಿತ್ರ ತೈಲದ ಪರಿಮಳ ಇನ್ನೂ ಆರಿರಲಿಲ್ಲ. ಕೆಲವರನ್ನು ಕೊಂದರು, ಉಳಿದವರನ್ನು ಹಿಡಿದು ದೂರದ ಪಿಕ್ಟ್ ಜನರಿಗೆ ಮಾರಿದರು. ಹಿಡಿದವರನ್ನು ಬಿಟ್ಟುಬಿಡಿ ಎಂದು ಪ್ಯಾಟ್ರಿಕ್ ಮರುದಿನವೇ ಒಬ್ಬ ಪಾದ್ರಿಯ ಕೈಯಲ್ಲಿ ಕಾಗದ ಕಳಿಸಿದ. ಸೈನಿಕರು ನಕ್ಕು ಕಳಿಸಿದರು.

ಆಗ ಆತ ಎಲ್ಲರಿಗೂ ಕೇಳುವ ಹಾಗೆ ಓದಬೇಕಾದ ಬಹಿರಂಗ ಪತ್ರ ಬರೆದ. ಅದರ ತಿರುಳು ಹೀಗಿದೆ. ಈ ಸೈನಿಕರ ಜೊತೆ ಯಾರೂ ಊಟ ಮಾಡಬೇಡಿ, ಅವರಿಂದ ದಾನ ತೆಗೆದುಕೊಳ್ಳಬೇಡಿ, ಅವರು ಕಣ್ಣೀರಿಟ್ಟು ಪಶ್ಚಾತ್ತಾಪಪಟ್ಟು ಸೆರೆಯಾಳುಗಳನ್ನು ಬಿಡುವ ತನಕ ಅವರನ್ನು ಹತ್ತಿರ ಸೇರಿಸಬೇಡಿ. ನಮ್ಮ ಹಳ್ಳಿ ಭಾಷೆಯಲ್ಲಿ ಹೇಳುವುದಾದರೆ ಪಂಕ್ತಿಯಿಂದ ಎಬ್ಬಿಸಿದ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಕೊರೋಟಿಕಸ್‌ನ ಕಡೆಯವರು ಪರಕೀಯರಲ್ಲ. ಹೆಸರಿಗೆ ಅವರೂ ಕ್ರೈಸ್ತರು, ಪ್ಯಾಟ್ರಿಕ್‌ನ ಹಾಗೆ ಬ್ರಿಟನ್ನಿನ ಕಡೆಯವರು. ಏಟು ತಿಂದವರು ಐರಿಶ್ ಜನ, ಅಂದರೆ ಒಂದು ಕಾಲದಲ್ಲಿ ಆತನನ್ನೇ ಹೊತ್ತೊಯ್ದ ನಾಡಿನವರು. ಸ್ವಂತದವರು ತಪ್ಪು ಮಾಡಿದಾಗ ಕಣ್ಣು ಮುಚ್ಚಿಕೊಳ್ಳುವುದು ಎಲ್ಲ ಕಾಲದ ರೂಢಿ. ಪ್ಯಾಟ್ರಿಕ್ ಹಾಗೆ ಮಾಡಲಿಲ್ಲ. ಇವರನ್ನು ನನ್ನ ನಾಡಿನವರು ಎಂದು ಕರೆಯಲಾರೆ ಎಂಬ ಅರ್ಥದ ಮಾತನ್ನು ನೇರವಾಗಿ ಬರೆದ. ‘ಕನ್ಫೆಸಿಯೋ’ದಲ್ಲೂ ಇಂಥ ಒಂದು ಕಡೆ ಇದೆ. ಗುಲಾಮರಾಗಿರುವ ಹೆಂಗಸರು ಎಲ್ಲರಿಗಿಂತ ಹೆಚ್ಚು ಕಷ್ಟಪಡುತ್ತಾರೆ, ಬೆದರಿಕೆ, ಭಯದ ನಡುವೆಯೂ ನಂಬಿಕೆ ಬಿಡದೆ ನಿಲ್ಲುತ್ತಾರೆ ಎನ್ನುತ್ತಾನೆ. ಗುಲಾಮಳ ಕಷ್ಟ ಬರೆಯುವಷ್ಟು ದೊಡ್ಡ ವಿಷಯ ಎಂದು ಆ ಕಾಲದಲ್ಲಿ ಎಷ್ಟು ಜನಕ್ಕೆ ಅನ್ನಿಸೀತು?

ಹಾಗಾದರೆ ಹಾವು ಎಲ್ಲಿಂದ ಬಂತು? ಆತನ ಬರಹದಲ್ಲಿ ಹಾವಿನ ಸುದ್ದಿಯೇ ಇಲ್ಲ. ಹಿಮಯುಗ ಕಳೆದ ಮೇಲೆ ಐರ್ಲೆಂಡಿನಲ್ಲಿ ಓಡಿಸಲು ಹಾವುಗಳೂ ಇರಲಿಲ್ಲ. ಮೂರೆಲೆಯ ಶ್ಯಾಮ್‌ರಾಕ್ ಗಿಡ ಹಿಡಿದು ದೇವರ ತ್ರಿಮೂರ್ತಿತ್ವ ವಿವರಿಸಿದ ಎಂಬ ಕಥೆ ಬರಹಕ್ಕೆ ಬಂದದ್ದು 18ನೇ ಶತಮಾನದಲ್ಲಿ. ಆತ ತೀರಿಕೊಂಡು ಇನ್ನೂರು ವರ್ಷವಾದ ಮೇಲೆ, 7ನೇ ಶತಮಾನದಲ್ಲಿ, ಮುಯಿರ್ಖು ಮತ್ತು ತೀರೆಖಾನ್ ಎಂಬ ಇಬ್ಬರು ಆತನ ಚರಿತ್ರೆ ಬರೆದರು. ಅಲ್ಲಿ ಪ್ಯಾಟ್ರಿಕ್ ಮಂತ್ರವಾದಿಗಳನ್ನು ಪವಾಡದಿಂದ ಸೋಲಿಸುವ ಮಹಾವೀರನಾಗಿದ್ದಾನೆ. ತನ್ನ ಭಾಷೆಗೆ ತಾನೇ ನಾಚುವ ಆ ಮನುಷ್ಯ ಅಲ್ಲಿ ಸಿಗುವುದು ಕಷ್ಟ.

ಪವಾಡದ ಕಥೆಗಳ ಮೇಲೆ ನಮಗೆ ಸಿಟ್ಟಿಲ್ಲ. ಭಕ್ತಿ ಇರುವಲ್ಲಿ ಕಥೆ ಹುಟ್ಟುವುದು ಸಹಜ. ನಮ್ಮ ಬೇಸರ ಇರುವುದು ಬಿಟ್ಟುಹೋದ ಭಾಗದ ಬಗ್ಗೆ. ಪ್ಯಾಟ್ರಿಕ್‌ನ ಪೀಠ ಎಂದು ಹೆಸರಾದದ್ದು ಅರ್ಮಾ ಎಂಬ ಊರು. ಅಲ್ಲಿ 9ನೇ ಶತಮಾನದ ಆರಂಭದಲ್ಲಿ ಬರೆಸಿದ ‘ಬುಕ್ ಆಫ್ ಅರ್ಮಾ’ ಎಂಬ ಕೈಬರಹದ ಗ್ರಂಥ ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಅದರಲ್ಲಿ ಪವಾಡದ ಚರಿತ್ರೆಗಳಿವೆ. ‘ಕನ್ಫೆಸಿಯೋ’ ಇದ್ದರೂ ಮೊಟಕಾಗಿದೆ. ಕೊರೋಟಿಕಸ್ ಪತ್ರ ಮಾತ್ರ ಇಲ್ಲವೇ ಇಲ್ಲ. ಸಂತನ ಹೆಸರಿನ ಪೀಠದ ಪುಸ್ತಕದಲ್ಲೇ ಸಂತನ ಅತಿ ಕಟುವಾದ ಮಾತಿಗೆ ಜಾಗ ಇರಲಿಲ್ಲ. ಬೇರೆ ಕಡೆಯ ಪ್ರತಿಗಳಲ್ಲಿ ಅದು ಉಳಿದುಕೊಂಡಿತು.

ಅತ್ತ ಗುಲಾಮಗಿರಿಯೂ ನಿಲ್ಲಲಿಲ್ಲ. ಹಳೆಯ ಐರಿಶ್ ಕಾನೂನಿನಲ್ಲಿ ಬೆಲೆ ಕಟ್ಟುವ ಒಂದು ಅಳತೆಯ ಹೆಸರು ‘ಕುಮಲ್’. ಆ ಪದದ ಅರ್ಥ ಗುಲಾಮ ಹೆಂಗಸು. ಸಾಮಾನ್ಯವಾಗಿ ಮೂರು ಕರೆಯುವ ಹಸುಗಳಿಗೆ ಒಂದು ಕುಮಲ್ ಸಮ. ವೈಕಿಂಗರ ಕಾಲಕ್ಕೆ ಡಬ್ಲಿನ್ ಪಟ್ಟಣ ಮನುಷ್ಯರನ್ನು ಮಾರುವ ದೊಡ್ಡ ಸಂತೆಯಾಗಿತ್ತು. ಇಂಗ್ಲಿಷ್ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ಐರ್ಲೆಂಡಿನ ಚರ್ಚಿನ ಹಿರಿಯರು ಸೇರಿ ತೀರ್ಮಾನಿಸಿದ್ದು 1170ರ ಸುಮಾರಿಗೆ, ಅದೇ ಅರ್ಮಾದಲ್ಲಿ. ಅಷ್ಟು ಹೊತ್ತಿಗೆ ಪ್ಯಾಟ್ರಿಕ್ ಪತ್ರಕ್ಕೆ ಸುಮಾರು ಏಳು ನೂರು ವರ್ಷ ವಯಸ್ಸಾಗಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಗುಲಾಮಗಿರಿಯನ್ನೇ ಬೇರುಸಮೇತ ಕಿತ್ತುಹಾಕಿ ಎಂದು ಪ್ಯಾಟ್ರಿಕ್ ಬರೆದಿಲ್ಲ. ಅಪ್ಪನ ಮನೆಯಲ್ಲಿ ಆಳುಗಳು, ದಾಸಿಯರು ಇದ್ದುದನ್ನು ಆತನೇ ಹೇಳುತ್ತಾನೆ. ಆ ಪತ್ರದ ಸಂಕಟವೂ ಮುಖ್ಯವಾಗಿ ದೀಕ್ಷೆ ಪಡೆದ ತನ್ನ ಜನರ ಬಗ್ಗೆ. ಹಾಗಾಗಿ ಆತನನ್ನು ಇಂದಿನ ಕಾಲದ ಹೋರಾಟಗಾರನನ್ನಾಗಿ ಮಾಡುವುದು ಬೇಡ, ಅದೂ ಇನ್ನೊಂದು ಬಗೆಯ ಬಣ್ಣ ಬಳಿಯುವ ಕೆಲಸವೇ. ಜೀತದ ನೋವು ಉಂಡವನು ಮೇಲೆ ಬಂದ ನಂತರವೂ ಆ ನೋವನ್ನು ಮರೆಯಲಿಲ್ಲ, ಬಲಶಾಲಿ ದೊರೆಯ ಹೆಸರು ಹಿಡಿದು ಕೇಳಿದ. ಇಷ್ಟೇ ಸಾಕು, ಇದು ಸಣ್ಣ ಮಾತಲ್ಲ.

ಹಬ್ಬದ ಬಗ್ಗೆಯೂ ಹಗುರವಾಗಿ ಮಾತಾಡುವುದು ಸರಿಯಲ್ಲ. ಪ್ಯಾಟ್ರಿಕ್‌ನನ್ನು ಯಾವ ಪೋಪರೂ ವಿಧಿವತ್ತಾಗಿ ಸಂತ ಎಂದು ಘೋಷಿಸಿದ್ದಲ್ಲ. ಆ ಕಾಲದ ಪದ್ಧತಿಯಂತೆ ಜನರೇ ಸಂತ ಎಂದು ಒಪ್ಪಿಕೊಂಡರು. ಇಂದಿಗೂ ಜುಲೈ ತಿಂಗಳ ಕೊನೆಯ ಭಾನುವಾರ ಮೇಯೋ ಸೀಮೆಯ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಸಾವಿರಾರು ಜನ ಹತ್ತುತ್ತಾರೆ. ಕೆಲವರು ಬರಿಗಾಲಲ್ಲಿ, ಚೂಪು ಕಲ್ಲುಗಳ ಮೇಲೆ. ಲಾಕ್ ಡೆರ್ಗ್ ಎಂಬ ಸರೋವರದ ದ್ವೀಪದಲ್ಲಿ ಮೂರು ದಿನ ಉಪವಾಸ, ಜಾಗರಣೆ ಮಾಡುತ್ತಾರೆ. ಹರಕೆ ಹೊತ್ತು ಬೆಟ್ಟ ಹತ್ತುವ ನಮ್ಮ ಜನಕ್ಕೆ ಇದು ಹೊಸದೇನಲ್ಲ.

ಮೆರವಣಿಗೆಯ ಹಿಂದೆಯೂ ಕಣ್ಣೀರಿದೆ. ನ್ಯೂಯಾರ್ಕಿನ ಮೆರವಣಿಗೆ 1762ರಷ್ಟು ಹಳೆಯದು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟರು. ಪರದೇಶದಲ್ಲಿ ಅವಮಾನ ಉಂಡ ಅವರಿಗೆ ವರ್ಷಕ್ಕೊಂದು ದಿನ ತಲೆ ಎತ್ತಿ ನಡೆಯಲು ಈ ಹಬ್ಬ ಬೇಕಿತ್ತು. ಬೆಂಗಳೂರಿಗೂ ಆ ಹೆಸರು ಹಾಗೇ ಬಂತು. ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಶ್ ಸಿಪಾಯಿಗಳು ದಂಡು ಪ್ರದೇಶದಲ್ಲಿದ್ದ ಕಾಲದ ಗುರುತಾಗಿ ಬ್ರಿಗೇಡ್ ರಸ್ತೆಯ ಹತ್ತಿರ ಸೇಂಟ್ ಪ್ಯಾಟ್ರಿಕ್ ಚರ್ಚ್ ಇಂದಿಗೂ ನಿಂತಿದೆ.

ಐರ್ಲೆಂಡಿನಲ್ಲಿ 1903ರಲ್ಲಿ ಈ ದಿನಕ್ಕೆ ಸಾರ್ವಜನಿಕ ರಜೆ ಬಂತು. 1927ರ ಕಾನೂನಿನ ನಂತರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂದು ಹೆಂಡದಂಗಡಿಗಳೇ ಮುಚ್ಚಿರುತ್ತಿದ್ದವು. ಈಗ ಅದೇ ದಿನ ಲೋಕದ ಹಲವು ಕಡೆ ಬಿಯರ್ ಮಾರಾಟದ ಹಬ್ಬವಾಗಿದೆ. ವ್ಯಾಪಾರಕ್ಕೆ ಟೋಪಿ, ಬಣ್ಣ, ಹಾವು ಎಲ್ಲವೂ ಒದಗುತ್ತವೆ. ಪತ್ರ ಒದಗುವುದಿಲ್ಲ, ಯಾಕೆಂದರೆ ಅದು ಓದಿದವರನ್ನು ಪ್ರಶ್ನೆ ಕೇಳುತ್ತದೆ.

ಸಂತರನ್ನು ನೆನೆಯುವಾಗ ಅವರ ಪವಾಡ ಹೇಳುವುದು ಸುಲಭ, ಪವಾಡ ನಮ್ಮಿಂದ ಏನನ್ನೂ ಬೇಡುವುದಿಲ್ಲ. ಅವರು ಯಾರ ಪರ ನಿಂತರು, ಯಾರ ಮನೆಯ ಊಟ ಬೇಡವೆಂದರು ಎಂದು ಹೇಳುವಾಗ ನಾವೂ ಎಲ್ಲಿ ನಿಂತಿದ್ದೇವೆ ನೋಡಿಕೊಳ್ಳಬೇಕಾಗುತ್ತದೆ. ಆದ್ದರಿಂದಲೇ ಆ ಪತ್ರ ಮುಖ್ಯ ಎಂದು ನಾವು ಹೇಳುತ್ತಿದ್ದೇವೆ.

ರಾಯಲ್ ಐರಿಶ್ ಅಕಾಡೆಮಿ ಪ್ಯಾಟ್ರಿಕ್‌ನ ಎರಡೂ ಬರಹಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಪತ್ರ ಚಿಕ್ಕದು, ಫೋನಿನಲ್ಲೇ ಓದಿ ಮುಗಿಸಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಓದಿ ಕನ್ನಡದಲ್ಲಿ ಹೇಳಲು ಹೇಳಿ. ಮಾರಿಹೋದ ಆ ಜನರಿಗೆ ಏನಾಯಿತು ಎಂದು ಪತ್ರದಲ್ಲಿಲ್ಲ, ಅವರ ಹೆಸರೂ ಇಲ್ಲ. ಅವರಿಗಾಗಿ ಒಬ್ಬ ಅತ್ತ, ಕೂಗಿ ಕೇಳಿದ ಎನ್ನುವುದು ಮಾತ್ರ ಉಳಿದಿದೆ.