ಜೀಪಿಗೆ ಮೌನದೀಕ್ಷೆ

ಮನೆಯ ಯಜಮಾನರು ಹಳೆಯ ಜೀಪಿನ ಒಡೆಯರಾಗಿದ್ದರೆ ಅವರು ಸಂಜೆ ಹಿಂದಿರುಗುತ್ತಿರುವ ಸುದ್ದಿ ಗೃಹಿಣಿಗೆ ಬೀದಿಯ ತಿರುವಿನಿಂದಲೇ ತಿಳಿದುಬಿಡುತ್ತದೆ. ಒಲೆಯ ಮೇಲೆ ಕಾಫಿಗೆ ನೀರಿಡಲು ಅಷ್ಟು ಹೊತ್ತು ಸಾಕು. ಆದರೆ ಗೃಹಿಣಿಗೆ ಅನುಕೂಲವಾದ ಈ ಮುನ್ಸೂಚನೆ ನೆರೆಮನೆಯ ಎಳೆಗೂಸಿಗೂ, ಎದುರುಮನೆಯಲ್ಲಿ ಆಗ ತಾನೆ ಕಣ್ಣು ಮುಚ್ಚಿದ ವೃದ್ಧರಿಗೂ, ಪರೀಕ್ಷೆಗೆ ಓದುತ್ತಿರುವ ಹುಡುಗಿಗೂ ಅಷ್ಟೇ ಪ್ರಿಯವಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಜೀಪು ಹುಟ್ಟಿದ್ದು ಯುದ್ಧಭೂಮಿಗಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಇಂಥ ಗಾಡಿಗಳನ್ನು ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದುವು. ಸ್ವಾತಂತ್ರ್ಯಾನಂತರ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಅದನ್ನು ಜೋಡಿಸಲಾರಂಭಿಸಿದ ಮೇಲೆ ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ದಾರಿಗಳಿಗೆ ಅದಕ್ಕಿಂತ ತಕ್ಕ ಸಂಗಾತಿ ಇರಲಿಲ್ಲ. ತೋಟದ ಏರಿನಲ್ಲಿ ಅದರ ಗರ್ಜನೆ ಒಂದು ಶೋಭೆಯೇ ಸರಿ. ಆದರೆ ಅದೇ ಜೀಪು ಇಂದು ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಅಭಿಮಾನದ ವಸ್ತುವಾಗಿ ಸಾಕಲ್ಪಡುತ್ತಿದೆ. ಅಲ್ಲಿ ಗರ್ಜನೆಗೆ ಬೇರೆ ಹೆಸರು.

ಓದುಗರಲ್ಲಿ ಭಾನುವಾರದಂದು ಸ್ಪ್ಯಾನರ್ ಹಿಡಿಯುವ ಹವ್ಯಾಸವುಳ್ಳವರು ಅನೇಕರುಂಟು. ಅವರಿಗೆ ಮೊದಲು ಹೊಳೆಯುವ ಉಪಾಯವೊಂದಿದೆ: ಹೊಗೆ ಕೊಳವೆಯ ಬಾಯಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರನ್ನೋ, ತೂತು ಕೊರೆದ ತಗಡಿನ ಡಬ್ಬಿಯನ್ನೋ ತುರುಕುವುದು. ಸದ್ದು ಕೊಂಚ ತಗ್ಗುತ್ತದೆ, ಅದೇನೋ ನಿಜ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದರೂ ತಗ್ಗುತ್ತದೆ. ಸದ್ದನ್ನು ಅಡಗಿಸುವುದು ಬೇರೆ, ಹೊಗೆಯನ್ನು ಅಡ್ಡಗಟ್ಟುವುದು ಬೇರೆ. ಅಡ್ಡಗಟ್ಟಿದ ಹೊಗೆ ಹಿಂದಕ್ಕೆ ಒತ್ತುತ್ತದೆ. ಎಂಜಿನ್ನಿನ ಶಕ್ತಿ ಕುಂದುತ್ತದೆ, ವಾಲ್ವುಗಳು ಅತಿಯಾಗಿ ಕಾಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ನೇರದಾರಿ ಮುಚ್ಚಿದ ಹೊಗೆ ಸಡಿಲವಾದ ಪ್ರತಿಯೊಂದು ಕೀಲಿನಲ್ಲೂ ಕಳ್ಳದಾರಿ ಹುಡುಕುತ್ತದೆ. ಆ ಕೀಲುಗಳು ಇರುವುದು ಎಲ್ಲಿ? ನಿಮ್ಮ ಹೆಂಡತಿ ಮಕ್ಕಳು ಕಾಲಿಟ್ಟು ಕುಳಿತಿರುವ ತಗಡಿನ ಕೆಳಗೆ.

ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ವಾಂತಿ ಬಂದಂತಾಗುವುದು, ಇವು ಅದರ ಮೊದಲ ಲಕ್ಷಣಗಳು. ಘಟ್ಟದ ದಾರಿಯಲ್ಲಿ ಇವನ್ನೆಲ್ಲ ತಿರುವುಗಳ ಮೇಲೆ ಹೊರಿಸಿ ಸುಮ್ಮನಾಗುವವರೇ ಹೆಚ್ಚು. ಡೀಸೆಲ್ ಎಂಜಿನ್ನಿನಲ್ಲಿ ಇದರ ಪ್ರಮಾಣ ಪೆಟ್ರೋಲಿನದಕ್ಕಿಂತ ಕಡಿಮೆ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ.

ಆದುದರಿಂದ ಕೆಲಸವನ್ನು ಆರಂಭಿಸತಕ್ಕದ್ದು ಬಾಲದ ತುದಿಯಿಂದಲ್ಲ, ಎಂಜಿನ್ನಿನ ಮಗ್ಗುಲಿನಿಂದ. ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ, ಗಾಡಿಯನ್ನು ಷೆಡ್ಡಿನಿಂದ ಬಯಲಿಗೆ ತಂದು, ಕೈಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಎಂಜಿನ್ ಚಾಲೂ ಮಾಡಲಿ. ಇನ್ನೊಬ್ಬರು ದಪ್ಪ ಕೈಗವಸು ತೊಟ್ಟು, ಮಡಿಸಿದ ಗೋಣಿಚೂರನ್ನು ಕೊಳವೆಯ ಬಾಯಿಗೆ ಎರಡು ಮೂರು ಸೆಕೆಂಡು ಮಾತ್ರ ಅದುಮಿ ಹಿಡಿಯಲಿ. ಕೊಳವೆ ಭದ್ರವಾಗಿದ್ದರೆ ಎಂಜಿನ್ ಉಸಿರು ಕಟ್ಟಿದಂತೆ ತಡವರಿಸುತ್ತದೆ. ಎಲ್ಲಿಯಾದರೂ ಬಿರುಕಿದ್ದರೆ ಅಲ್ಲಿಂದ 'ಸುಸ್' ಎಂಬ ಸದ್ದು ಹೊರಡುತ್ತದೆ. ಅರ್ಧ ಮಾರು ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಮತ್ತೊಂದನ್ನು ಕೀಲುಗಳ ಬಳಿ ಆಡಿಸಿದರೆ, ವೈದ್ಯರು ಎದೆ ನೋಡಿದಂತೆ, ಜಾಗ ಖಚಿತವಾಗುತ್ತದೆ. ಕೀಲಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಅದೂ ಸಾಕ್ಷಿಯೇ. ತಣ್ಣಗಿರುವಾಗ 'ಟಿಕ್ ಟಿಕ್' ಎಂದು, ಬಿಸಿಯಾದೊಡನೆ ನಿಂತುಹೋಗುವ ಸದ್ದು ಬಹುಮಟ್ಟಿಗೆ ಮ್ಯಾನಿಫೋಲ್ಡಿನ ಬಿರುಕಿನದು ಅಥವಾ ಅದರ ಗ್ಯಾಸ್ಕೆಟ್ಟಿನದು. ಕಬ್ಬಿಣ ಕಾದು ಹಿಗ್ಗಿದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಅಷ್ಟೇ. ವಾಸಿಯಾಯಿತೆಂದು ಭ್ರಮಿಸಬಾರದು.

ಗ್ಯಾಸ್ಕೆಟ್ ಬದಲಾಯಿಸುವುದು ಮನೆಯಲ್ಲೇ ಆಗುವ ಕೆಲಸ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತೆಳುವಾದ ಎಣ್ಣೆ ಕುಡಿಸಿಡಬೇಕು. ಅವಸರಪಟ್ಟರೆ ಬೋಲ್ಟು ಮುರಿದು ಭಾನುವಾರವೂ ಮುರಿಯುತ್ತದೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಹಳೆಯ ಗಾಡಿಗಳ ಗ್ಯಾಸ್ಕೆಟ್ಟಿನಲ್ಲೂ ಕೊಳವೆಗೆ ಸುತ್ತಿದ ಬಿಳಿಯ ಹಗ್ಗದಲ್ಲೂ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಕೆರೆಯಬಾರದು, ನೀರಿನಿಂದ ಚೆನ್ನಾಗಿ ತೋಯಿಸಿ, ಧೂಳುತಡೆಯ ಸರಿಯಾದ ಮುಖವಾಡ ಧರಿಸಿ, ತೆಗೆದುದನ್ನು ಚೀಲದಲ್ಲಿ ಬಿಗಿದು ಕಟ್ಟಬೇಕು. ಮಕ್ಕಳು ಆ ಹತ್ತಿರ ಸುಳಿಯಕೂಡದು.

ಸೋರಿಕೆಗೆ ಇಷ್ಟು ಪ್ರಾಧಾನ್ಯವೇಕೆಂದರೆ, ಸದ್ದಿನ ಲೆಕ್ಕಾಚಾರ ನಮ್ಮ ಮನೆಯ ಲೆಕ್ಕದಂತಲ್ಲ. ಸಮಾನವಾದ ಎರಡು ಸದ್ದುಗಳಲ್ಲಿ ಒಂದನ್ನು ಸಂಪೂರ್ಣವಾಗಿ ಅಳಿಸಿದರೂ ಮಾಪಕದಲ್ಲಿ ಇಳಿಯುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾದಂತೆ ತೋರಬೇಕಾದರೆ ಹತ್ತು ಡೆಸಿಬೆಲ್ ಇಳಿಯಬೇಕು. ಮೇಲಿನ ಬಿರುಕನ್ನು ಹಾಗೆಯೇ ಬಿಟ್ಟು ದುಬಾರಿ ಸೈಲೆನ್ಸರ್ ಹಾಕಿಸಿದವರು ನಿರಾಶರಾಗಿ ಅಂಗಡಿಯವನನ್ನು ಬಯ್ಯುವುದರ ಗುಟ್ಟು ಇದೇ. ಇಂದು ಜೇಬಿನ ಫೋನಿನಲ್ಲೇ ಶಬ್ದಮಾಪಕ ದೊರೆಯುತ್ತದೆ. ಅದರ ಅಂಕಿ ನ್ಯಾಯಾಲಯದಲ್ಲಿ ನಿಲ್ಲಲಾರದಾದರೂ, ಮುಂಚಿನದನ್ನೂ ಅನಂತರದ್ದನ್ನೂ ಒಂದೇ ಸ್ಥಳದಲ್ಲಿ ನಿಂತು ಹೋಲಿಸಿ ನೋಡುವುದಕ್ಕೆ ಸಾಕು.

ಇನ್ನು ಸೈಲೆನ್ಸರ್. ಇಂಡಿಯಾನ ಪ್ರಾಂತದ ರೀವ್ಸ್ ಸಹೋದರರು ಇದಕ್ಕೆ ಹಕ್ಕುಪತ್ರ ಪಡೆದದ್ದು 1897ರಲ್ಲಿ. ಅಂದಿನಿಂದ ತತ್ತ್ವ ಹೆಚ್ಚು ಬದಲಾಗಿಲ್ಲ. ಒಂದು ಬಗೆಯದರಲ್ಲಿ ಕೋಣೆಗಳಿರುತ್ತವೆ. ಸದ್ದಿನ ಅಲೆಗಳು ಅವುಗಳಲ್ಲಿ ಗೋಡೆಗೆ ಬಡಿದು, ಹಿಂದಿರುಗಿ, ಒಂದನ್ನೊಂದು ತಿಂದುಹಾಕುತ್ತವೆ. ಮತ್ತೊಂದು ಬಗೆಯದರಲ್ಲಿ ತೂತು ತೂತಾದ ನೇರ ಕೊಳವೆಯ ಸುತ್ತ ಗಾಜಿನ ಉಣ್ಣೆ ತುಂಬಿರುತ್ತದೆ. ಎರಡನೆಯದು ಕೀರಲು ಸದ್ದಿಗೆ ಸೊಗಸಾದ ಮದ್ದು, ಜೀಪಿನ ಗುಡುಗಿಗಲ್ಲ. ಮೇಲಾಗಿ ಹಳ್ಳ ದಾಟುವ ಗಾಡಿಯಲ್ಲಿ ಉಣ್ಣೆ ನೆನೆದು, ಮಸಿ ಹಿಡಿದು, ಕೆಲ ಕಾಲದಲ್ಲೇ ನಿರುಪಯುಕ್ತವಾಗುತ್ತದೆ. ನನ್ನ ಮತವೇನೆಂದರೆ, ಜೀಪಿಗೆ ಕೋಣೆಯದೇ ಸರಿ, ಅದೂ ಅಡಿಯಲ್ಲಿ ಹಿಡಿಸುವಷ್ಟು ದೊಡ್ಡದು. ಒಳಗಿನ ಕೊಳವೆಯ ವ್ಯಾಸ ಮೂಲಕ್ಕಿಂತ ಕಿರಿದಾಗಿರಬಾರದು. ಜೆ.ಸಿ. ರಸ್ತೆಯಲ್ಲಿ ಹುಡುಕುವ ತಾಳ್ಮೆಯುಳ್ಳವರು ಸಮಾನ ಅಥವಾ ದೊಡ್ಡ ಎಂಜಿನ್ನಿನ ವಾಹನದ್ದನ್ನು ಆರಿಸಿಕೊಳ್ಳಬಹುದು. ಅದನ್ನು ಚಾಸಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬಾರದು. ನಡುಕವೆಲ್ಲ ತಗಡಿಗೆ ಹರಿದು ಗಾಡಿಯೇ ನಗಾರಿಯಾಗುತ್ತದೆ. ಹಳೆಯ ಟಯರಿನಿಂದ ಕತ್ತರಿಸಿದ ಪಟ್ಟಿಯಲ್ಲಿ ತೂಗುಹಾಕಿದರೆ ಅರ್ಧ ಗೋಳು ಅಲ್ಲಿಗೇ ಮುಗಿಯಿತು.

ಇಷ್ಟಾದರೂ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕಿವಿಯಲ್ಲಿ ದುಂಬಿ ಹೊಕ್ಕಂತೆ ಗುಂಯ್‌ಗುಡುವುದುಂಟು. ಛಲಗಾರರಿಗೆ ಇದಕ್ಕೊಂದು ಚೆಲುವಾದ ಉಪಾಯವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಸೆಕೆಂಡಿಗೆ 80 ಬಾರಿ ಹೊಗೆಯನ್ನು ಉಗುಳುತ್ತದೆ. ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 450 ಮೀಟರ್ ಓಡುತ್ತದೆಂದಿಟ್ಟುಕೊಂಡರೆ ಅಲೆಯ ಉದ್ದ ಐದೂವರೆ ಮೀಟರಿಗೆ ಸ್ವಲ್ಪ ಮೇಲೆ. ಅದರ ಕಾಲುಭಾಗ ಸುಮಾರು 1.4 ಮೀಟರ್. ಅಷ್ಟುದ್ದದ, ತುದಿ ಮುಚ್ಚಿದ ಕೊಳವೆಯನ್ನು ಹೊಗೆಕೊಳವೆಗೆ ಕವಲಾಗಿ ಬೆಸೆದರೆ, ಅದರೊಳಗೆ ಹೋಗಿ ಮರಳಿದ ಅಲೆ ಎದುರಾಗಿ ಬರುವ ಅಲೆಯನ್ನು ಅಡಗಿಸುತ್ತದೆ. ಮುಂದಕ್ಕೆ ಬರುವ ಉಯ್ಯಾಲೆಯನ್ನು ಎದುರಿನಿಂದ ತಳ್ಳಿದರೆ ಅದು ನಿಲ್ಲುವಂತೆ. ಹೊಗೆಯ ದಾರಿಗೆ ಕಿಂಚಿತ್ತೂ ಅಡ್ಡಿಯಿಲ್ಲ. ಬೇರೆ ವೇಗದಲ್ಲಿ ಇದು ನಿಷ್ಪ್ರಯೋಜಕ; ಆದುದರಿಂದ ಗುಂಯ್ ಎನ್ನುವ ವೇಗವನ್ನು ಮೊದಲು ಗುರುತಿಸಿಕೊಳ್ಳಬೇಕು.

ಬೆಸುಗೆಯ ಕೆಲಸವನ್ನು ಕೈಪಳಗಿದವರಿಗೆ ಬಿಡುವುದೇ ಲೇಸು. ಅನೇಕ ಹಳೆಯ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಅಡಿಯಲ್ಲೇ ಇರುತ್ತದೆ. ಕೊಳವೆಯನ್ನು ಕಳಚಿ ಹೊರಗೊಯ್ದು ಬೆಸೆಯತಕ್ಕದ್ದು. ನಲ್ಲಿಗೆ ಬಳಸುವ ಸತುವು ಲೇಪಿಸಿದ ಕೊಳವೆ ಮನೆಯಲ್ಲಿ ಬಿದ್ದಿದೆಯೆಂದು ಅದನ್ನೇ ತರಬೇಡಿ. ಬೆಸೆಯುವಾಗ ಏಳುವ ಸತುವಿನ ಹೊಗೆ ಜ್ವರ ಬರಿಸುತ್ತದೆ.

ಕೊಳವೆಯ ಕೊನೆ ಎಲ್ಲಿರಬೇಕು? ಕೆಲವು ಜೀಪುಗಳಲ್ಲಿ ಅದು ಹಿಂಚಕ್ರದ ಮುಂದೆಯೇ ಮುಗಿದುಬಿಡುತ್ತದೆ. ಅದನ್ನು ಗಾಡಿಯ ಹಿಂದಿನ ಅಂಚು ದಾಟುವಂತೆ ಹೊರಕ್ಕೆ ಒಯ್ದರೆ ಒಳಗಿನ ಮೊಳಗೂ ತಗ್ಗುತ್ತದೆ, ಹೊಗೆಯೂ ದೂರವಾಗುತ್ತದೆ. ಆದರೂ ಮಳೆಗಾಲದಲ್ಲಿ ಪಕ್ಕದ ಕ್ಯಾನ್‌ವಾಸ್ ಪರದೆಗಳನ್ನು ಇಳಿಬಿಟ್ಟು ಹಿಂದಿನದನ್ನು ಮಾತ್ರ ಎತ್ತಿ ಕಟ್ಟುವ ಪದ್ಧತಿ ಒಳ್ಳೆಯದಲ್ಲ. ಓಡುವ ಗಾಡಿ ತನ್ನ ಬೆನ್ನ ಹಿಂದಿನ ಗಾಳಿಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತಿರುವವರು ಸಾಮಾನ್ಯವಾಗಿ ಮಕ್ಕಳೇ. ಕಾನೂನಿನ ಮಾತಿಗೆ ಬಂದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿಯೊಂದು ವಾಹನಕ್ಕೂ ಸೈಲೆನ್ಸರನ್ನು ಕಡ್ಡಾಯಮಾಡಿದೆ. ಅದನ್ನು ಕಿತ್ತೊಗೆದು ಸೊಗಸೆನ್ನುವವರಿಗೆ ಈ ಲೇಖನವಲ್ಲ.

ಎಲ್ಲ ಜೋಡಿಸಿ ನೂರು ಮೈಲಿ ಓಡಿಸಿದ ಮೇಲೆ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು. ಕಾದು ತಣಿದು ಅವು ಸಡಿಲಗೊಂಡಿರುತ್ತವೆ. ಆಗ ಸೈಲೆನ್ಸರಿನ ತಳದಲ್ಲಿ ಕಡ್ಡಿ ತೂರುವಷ್ಟು ಸಣ್ಣ ತೂತೊಂದು ಕಂಡರೆ ಗಾಬರಿಯಾಗಿ ಮುಚ್ಚಿಸಬೇಡಿ. ಒಳಗೆ ಹನಿಗೂಡುವ ನೀರು ಬಸಿದುಹೋಗಲೆಂದು ತಯಾರಿಸಿದವರೇ ಬಿಟ್ಟಿರುವ ತೂತು ಅದು.